ಜ್ವರ ಬಿಟ್ಟ ಮೇಲೆ ನಡಿಗೆಯೋ, ಯೋಗವೋ, ಜಿಮ್ಮೋ, ಶಟಲೋ?

ಬೇಸಗೆಯಲ್ಲಿ ನನ್ನ ಫಿಸಿಯೋಥೆರಪಿ ಕೋಣೆಗೆ ಬರುವವರದು ಮಂಡಿ, ಸೊಂಟ, ಕುತ್ತಿಗೆಯ ತಕರಾರು. ಮಳೆ ಹಿಡಿದು ತಿಂಗಳಾಗುವಷ್ಟರಲ್ಲಿ ಪ್ರಶ್ನೆಯೇ ಬದಲಾಗುತ್ತದೆ. "ಡೆಂಗಿ ಆಗಿ ಹದಿನೈದು ದಿನ ಆಯಿತು, ವಾಕಿಂಗ್ ಶುರು ಮಾಡಬಹುದೇ?" "ಮಗನಿಗೆ ತಿಂಗಳಿಗೊಮ್ಮೆ ಶೀತ, ಜಿಮ್‌ಗೆ ಸೇರಿಸಲೇ, ಯೋಗಕ್ಕೆ ಕಳಿಸಲೇ?" ಕಳೆದ ಆಗಸ್ಟ್‌ನಲ್ಲಿ ಒಬ್ಬ ಅಮ್ಮ ಕೈಚೀಲದಿಂದ ಮೂರು ಕಾಗದ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂದು ಜಿಮ್‌ನ ಮಳೆಗಾಲದ ರಿಯಾಯಿತಿ ಪತ್ರ, ಒಂದು ಯೋಗ ಶಿಬಿರದ ಕರಪತ್ರ, ಇನ್ನೊಂದು ವಾಟ್ಸಾಪ್‌ನಲ್ಲಿ ಬಂದ "ರೋಗ ನಿರೋಧಕ ಶಕ್ತಿಗೆ ಹನ್ನೊಂದು ವ್ಯಾಯಾಮ" ಪಟ್ಟಿಯನ್ನು ಮಗಳು ಕೈಯಲ್ಲಿ ಬರೆದುಕೊಟ್ಟದ್ದು. "ಒಂದಕ್ಕೆ ಬೆರಳಿಟ್ಟು ತೋರಿಸಿಬಿಡಿ ಡಾಕ್ಟ್ರೇ" ಎಂದರು. ಅವರಿಗೆ ಚಿಕೂನ್‌ಗುನ್ಯಾ ಆಗಿ ಐದು ವಾರವಾಗಿತ್ತು. ಬೆರಳಿಡಲು ಹೇಳಿದವರ ಬೆರಳುಗಳೇ ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ.

ಆ ದಿನ ನಾನು ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಮೊದಲು ಅಳತೆಗೋಲು

ವ್ಯಾಯಾಮವನ್ನು ನಾನು ಔಷಧಿಯ ಹಾಗೆ ನೋಡುವವನು. ಕೆಮ್ಮಿನ ಸಿರಪ್ ಜೊತೆಗೆ ಗೆರೆ ಹಾಕಿದ ಪುಟ್ಟ ಮುಚ್ಚಳ ಬರುತ್ತದಲ್ಲ, ಅಂಥದ್ದೊಂದು ಮುಚ್ಚಳ ಈ ವ್ಯಾಯಾಮಕ್ಕೆ ಇದೆಯೇ ಎಂಬುದು ನನ್ನ ಮೊದಲ ಪರೀಕ್ಷೆ. ಅರ್ಧಕ್ಕೆ ಇಳಿಸಬಹುದೇ? ನಡುವೆ ಸುಸ್ತಾದರೆ ಅಲ್ಲೇ ನಿಲ್ಲಿಸಬಹುದೇ? ನಿಲ್ಲಿಸಿದರೆ ಜೊತೆಯವರು ಮುಖ ಗಂಟಿಕ್ಕುತ್ತಾರೆಯೇ? ಆರೋಗ್ಯವಂತನಿಗೆ ಇವೆಲ್ಲ ದೊಡ್ಡ ಮಾತಲ್ಲ. ಜ್ವರದಿಂದ ಎದ್ದವನಿಗೆ ಇದಕ್ಕಿಂತ ದೊಡ್ಡ ಮಾತಿಲ್ಲ.

ಎರಡನೆಯದು, ವಾರಕ್ಕೆ ಐದು ದಿನ ಇದು ನಡೆದೀತೇ? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ ಲೆಕ್ಕ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ, ಅಥವಾ 75ರಿಂದ 150 ನಿಮಿಷ ಕಠಿಣ ಶ್ರಮ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಭಾನುವಾರ ಒಂದೇ ದಿನ ಮೂರು ಗಂಟೆ ಬೆವರು ಹರಿಸಿ ಉಳಿದ ಆರು ದಿನ ಕುರ್ಚಿಗೆ ಅಂಟಿಕೊಳ್ಳುವವರಿಗಿಂತ, ದಿನವೂ ಅರ್ಧ ಗಂಟೆ ಕಾಲಾಡಿಸುವವರ ಮೇಲೆ ನನಗೆ ಹೆಚ್ಚು ಭರವಸೆ.

ಮೂರನೆಯದು, ವೈರಸ್ ಯಾವ ಅಂಗವನ್ನು ಹಿಡಿದಿತ್ತು? ಶ್ವಾಸಕೋಶವೋ, ಕೀಲೋ, ಯಕೃತ್ತೋ, ಹೃದಯವೋ? ಒಬ್ಬರಿಗೆ ಸರಿಯಾದದ್ದು ಇನ್ನೊಬ್ಬರಿಗೆ ಅಪಾಯವಾಗುವುದು ಇಲ್ಲಿಯೇ. ಆಮೇಲೆ ಖರ್ಚು, ಜಾಗ, ಗಾಳಿ. ಕಿಟಕಿ ಮುಚ್ಚಿ ಎಸಿ ಹಾಕಿದ ಕೋಣೆಯಲ್ಲಿ ಮೂವತ್ತು ಜನ ಏದುಸಿರು ಬಿಡುವ ಜಾಗ ಶೀತದ ವೈರಸ್‌ಗೆ ಸಂತೆಯಿದ್ದ ಹಾಗೆ.

ಬಾರದಂತೆ ತಡೆಯುವುದು ಬೇರೆ, ಬಂದ ಮೇಲೆ ಏಳುವುದು ಬೇರೆ

ಜನ ಈ ಎರಡನ್ನೂ ಒಂದೇ ಉಸಿರಿನಲ್ಲಿ ಕೇಳುತ್ತಾರೆ. ಬಿಡಿಸಿ ಹೇಳಬೇಕು.

ತಡೆಯುವ ವಿಷಯದಲ್ಲಿ ಇರುವ ಪುರಾವೆ ಬಹುತೇಕ ಉಸಿರಾಟದ ಸೋಂಕುಗಳದ್ದು: ಶೀತ, ಫ್ಲೂ, ಕೋವಿಡ್. ಅಮೆರಿಕದಲ್ಲಿ ಡೇವಿಡ್ ನೀಮನ್ ಅವರ ತಂಡ 1002 ಮಂದಿಯನ್ನು ಹನ್ನೆರಡು ವಾರ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ ಐದು ಅಥವಾ ಹೆಚ್ಚು ದಿನ ವ್ಯಾಯಾಮ ಮಾಡುವವರು ಶೀತದಿಂದ ನರಳಿದ ದಿನಗಳು ಮಾಡದವರಿಗಿಂತ ಶೇ 43ರಷ್ಟು ಕಡಿಮೆ ಇದ್ದವು. ವಿಸ್ಕಾನ್ಸಿನ್‌ನಲ್ಲಿ 50 ದಾಟಿದ 149 ಮಂದಿಯನ್ನು ಮೂರು ಗುಂಪು ಮಾಡಿ, ಒಂದಕ್ಕೆ ಎಂಟು ವಾರ ವ್ಯಾಯಾಮ, ಒಂದಕ್ಕೆ ಎಂಟು ವಾರ ಧ್ಯಾನ ಕಲಿಸಿ, ಮೂರನೆಯದನ್ನು ಹಾಗೆಯೇ ಬಿಟ್ಟರು. 2012ರಲ್ಲಿ ಬಂದ ಫಲಿತಾಂಶದ ಪ್ರಕಾರ ವ್ಯಾಯಾಮದ ಗುಂಪು ಕಾಯಿಲೆ ಬಿದ್ದ ದಿನಗಳು ಒಟ್ಟು 241, ಧ್ಯಾನದ ಗುಂಪಿನದು 257, ಏನೂ ಮಾಡದವರದು 453. ಕಣ್ಣು ಮುಚ್ಚಿ ಕೂತವರಿಗೂ ಬೆವರು ಸುರಿಸಿದವರಿಗೂ ಹೆಚ್ಚುಕಡಿಮೆ ಒಂದೇ ಲಾಭ ಸಿಕ್ಕಿದ್ದು ನನಗೆ ಇಂದಿಗೂ ಕುತೂಹಲದ ಸಂಗತಿ.

ಆದರೆ ಹಿಗ್ಗುವ ಮುನ್ನ ಇನ್ನೊಂದು ಕಡೆ ನೋಡಬೇಕು. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಎಂಬ ಸಂಸ್ಥೆಯ 2020ರ ಪರಿಶೀಲನೆ ಹದಿನಾಲ್ಕು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದಾಗ, ವ್ಯಾಯಾಮದಿಂದ ಶೀತ ಬರುವ ಸಲಗಳು ಕಡಿಮೆಯಾದವು ಎನ್ನಲು ಗಟ್ಟಿ ಆಧಾರ ಸಿಗಲಿಲ್ಲ. ಬಂದಾಗ ಅದರ ಕಾಟ ಕಡಿಮೆ ಎನ್ನುವುದಕ್ಕೆ ಮಾತ್ರ ಒಂದಿಷ್ಟು ಬೆಂಬಲ ದೊರೆಯಿತು. ಕೋವಿಡ್‌ನಲ್ಲೂ ಅದೇ ಧಾಟಿ. ಕ್ಯಾಲಿಫೋರ್ನಿಯಾದ 48,440 ರೋಗಿಗಳ ದಾಖಲೆ ನೋಡಿದಾಗ, ಮೊದಲಿನಿಂದಲೂ ಮೈ ಬಗ್ಗಿಸದವರು ಆಸ್ಪತ್ರೆ ಸೇರುವ ಸಂಭವ ವಾರಕ್ಕೆ 150 ನಿಮಿಷ ಮಾಡುವವರ ಎರಡು ಪಟ್ಟಿಗಿಂತ ಹೆಚ್ಚಿತ್ತು. ಇದು ದಾಖಲೆ ನೋಡಿ ಮಾಡಿದ ಲೆಕ್ಕ, ಪ್ರಯೋಗವಲ್ಲ. ಮೊದಲೇ ಆರೋಗ್ಯವಾಗಿದ್ದವರೇ ಹೆಚ್ಚು ನಡೆಯುವವರೂ ಆಗಿರಬಹುದು. ಆದರೂ ಮಾತು ಒಂದೇ ದಿಕ್ಕಿಗೆ ಬೆರಳು ಮಾಡುತ್ತದೆ: ವ್ಯಾಯಾಮ ಬಾಗಿಲಿಗೆ ಬೀಗವಲ್ಲ, ಒಳಗೆ ಬಂದ ಕಳ್ಳ ಹೆಚ್ಚು ಹೊತ್ತುಕೊಂಡು ಹೋಗದಂತೆ ಮನೆಯವರನ್ನು ಎಚ್ಚರವಾಗಿಡುತ್ತದೆ.

ಡೆಂಗಿ, ಚಿಕೂನ್‌ಗುನ್ಯಾ, ಮಂಗನ ಕಾಯಿಲೆಗೆ ಈ ಮಾತೂ ಅನ್ವಯಿಸುವುದಿಲ್ಲ. ಸೊಳ್ಳೆಯೂ ಉಣುಗೂ ನಿಮ್ಮ ತೋಳಿನ ಗಾತ್ರ ನೋಡಿ ಕಚ್ಚುವುದಿಲ್ಲ. ಇನ್ನೊಂದು ವಿಪರ್ಯಾಸ, ಡೆಂಗಿ ಹರಡುವ ಈಡಿಸ್ ಸೊಳ್ಳೆ ಚುರುಕಾಗಿರುವುದು ಬೆಳಗಿನ ಹೊತ್ತು ಮತ್ತು ಸಂಜೆ ಕತ್ತಲಾಗುವ ಮುಂಚೆ, ಅಂದರೆ ಪಾರ್ಕಿನಲ್ಲಿ ನಮ್ಮ ವಾಕಿಂಗ್ ಮಂಡಳಿ ಸೇರುವ ಸಮಯಕ್ಕೆ ಸರಿಯಾಗಿ. ಚಡ್ಡಿ ಬಿಟ್ಟು ಉದ್ದ ಪ್ಯಾಂಟು ಹಾಕಿಕೊಳ್ಳಿ ಎಂದು ನಾನು ಹೇಳಿದರೆ ನಗುತ್ತಾರೆ.

ಸುಮ್ಮನೆ ಮಲಗುವುದೂ ಒಂದು ಆಯ್ಕೆ

ಪಟ್ಟಿಗಳಲ್ಲಿ ಇದು ಎಂದೂ ಬರುವುದಿಲ್ಲ, ಏಕೆಂದರೆ ಇದಕ್ಕೆ ಯಾರೂ ಫೀಸು ತೆಗೆದುಕೊಳ್ಳುವುದಿಲ್ಲ. ಮೈ ಬಿಸಿ ಇರುವಾಗ, ಮೈಕೈ ನೋವು ಇರುವಾಗ, ಎದೆಯಲ್ಲಿ ಕಫ ಕಟ್ಟಿರುವಾಗ ಮಿಕ್ಕ ಎಲ್ಲ ಆಯ್ಕೆಗಳಿಗಿಂತ ಇದೇ ಮೇಲು. ಬರೀ ಮೂಗು ಸೋರುತ್ತಿದ್ದರೆ, ಗಂಟಲು ಕೆರೆಯುತ್ತಿದ್ದರೆ ನಿಧಾನ ನಡಿಗೆಗೆ ಅಡ್ಡಿಯಿಲ್ಲ. 1998ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸ್ವಯಂಸೇವಕರ ಮೂಗಿಗೆ ಬೇಕೆಂದೇ ಶೀತದ ವೈರಸ್ ಹಾಕಿ, ಒಂದು ಗುಂಪಿಗೆ ದಿನ ಬಿಟ್ಟು ದಿನ ನಲವತ್ತು ನಿಮಿಷ ವ್ಯಾಯಾಮ ಮಾಡಿಸಿದರು. ಶೀತ ಹೆಚ್ಚಾಗಲೂ ಇಲ್ಲ, ಬೇಗ ಬಿಡಲೂ ಇಲ್ಲ. "ಓಡಿ ಬೆವರಿಳಿಸಿದರೆ ಶೀತ ಬಿಡುತ್ತದೆ" ಎನ್ನುವ ಮಾವಂದಿರಿಗೆ ಈ ಪ್ರಯೋಗವನ್ನು ನೆನಪಿಸುತ್ತಿರುತ್ತೇನೆ.

ಜ್ವರದಲ್ಲಿ ಶ್ರಮ ಏಕೆ ಬೇಡ ಎನ್ನುವುದಕ್ಕೆ ಹಳೆಯ ಪಾಠವೊಂದಿದೆ. 1940ರ ದಶಕದಲ್ಲಿ ಬ್ರಿಟನ್ನಿನ ನರರೋಗ ತಜ್ಞ ರಿಚಿ ರಸೆಲ್ ಪೋಲಿಯೋ ರೋಗಿಗಳನ್ನು ವಿಚಾರಿಸುತ್ತಾ ಹೋದರು. ಕಾಲು ಸೋಲುವ ಮುಂಚಿನ ಆ ಒಂದೆರಡು ಜ್ವರದ ದಿನಗಳಲ್ಲಿ ಮಲಗಿದ್ದವರಿಗಿಂತ, ಏನೂ ಆಗಿಲ್ಲವೆಂದು ಆಟವಾಡಿದವರಿಗೆ, ದುಡಿದವರಿಗೆ ಪಾರ್ಶ್ವ ಹೆಚ್ಚು ಘೋರವಾಗಿ ಬಡಿದಿತ್ತು. ಇಂದು ನಮ್ಮ ಚಿಂತೆ ಹೃದಯದ್ದು. ಕಾಕ್ಸಾಕಿ, ಫ್ಲೂ, ಕೋವಿಡ್ ವೈರಸ್‌ಗಳು ಅಪರೂಪಕ್ಕೆ ಹೃದಯದ ಸ್ನಾಯುವಿಗೆ ಉರಿಯೂತ ತರುತ್ತವೆ. ಅಂಥ ಹೃದಯವನ್ನು ದುಡಿಸಿದರೆ ಬಡಿತ ತಾಳ ತಪ್ಪಬಹುದು. ಉರಿಯೂತ ಖಚಿತವಾದರೆ ಕಠಿಣ ವ್ಯಾಯಾಮದಿಂದ ಮೂರರಿಂದ ಆರು ತಿಂಗಳು ದೂರ ಇರಿಸುವುದು ರೂಢಿ. ಜ್ವರದ ನಂತರ ಎದೆನೋವು, ಎದೆ ದಡದಡ ಹೊಡೆದುಕೊಳ್ಳುವುದು, ಕಣ್ಣು ಕತ್ತಲೆ ಬಂದು ಬೀಳುವುದು, ಮಾಡಿದ ಕೆಲಸಕ್ಕೆ ಮೀರಿದ ಏದುಸಿರು, ಇವುಗಳಲ್ಲಿ ಒಂದು ಕಂಡರೂ ಈ ಲೇಖನ ಮಡಚಿಟ್ಟು ವೈದ್ಯರ ಬಳಿ ಹೋಗಿ.

ಹಾಗೆಂದು ಮಂಚ ಹಿಡಿದು ತಿಂಗಳುಗಟ್ಟಲೆ ಕೂರುವ ಹಾಗೂ ಇಲ್ಲ. 1966ರಲ್ಲಿ ಡಲ್ಲಾಸ್‌ನಲ್ಲಿ ಇಪ್ಪತ್ತರ ಹರೆಯದ ಐವರು ಗಟ್ಟಿ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿದರು. ಮೂವತ್ತು ವರ್ಷದ ನಂತರ ಅದೇ ಐವರನ್ನು ಮತ್ತೆ ಅಳೆದಾಗ ತಿಳಿದದ್ದು, ಆ ಮೂರು ವಾರ ಅವರ ದಮ್ಮಿಗೆ ಮಾಡಿದ ನಷ್ಟ ಮೂವತ್ತು ವರ್ಷದ ವಯಸ್ಸು ಮಾಡಿದ್ದಕ್ಕಿಂತ ಹೆಚ್ಚು! ಹಿರಿಯರದು ಇನ್ನೂ ಸೂಕ್ಷ್ಮ. ಆರೋಗ್ಯವಾಗಿದ್ದ ವೃದ್ಧರು ಹತ್ತೇ ದಿನ ಮಲಗಿದ್ದಕ್ಕೆ ಕಾಲುಗಳಿಂದ ಸುಮಾರು ಒಂದು ಕಿಲೋ ಸ್ನಾಯು ಕರಗಿತು ಎಂದು 2007ರ ಅಧ್ಯಯನವೊಂದು ತೋರಿಸಿತು. ಆದ್ದರಿಂದ ಜ್ವರ ಇರುವಷ್ಟು ದಿನ ಮಂಚ, ಜ್ವರ ಬಿಟ್ಟ ಮೇಲೆ ಮಂಚಕ್ಕೂ ಅಡುಗೆಮನೆಗೂ ನಡುವೆ ಓಡಾಟ, ಆಮೇಲೆ ಅಂಗಳ.

ನಡಿಗೆ

ಮುಚ್ಚಳದ ಪರೀಕ್ಷೆಯಲ್ಲಿ ನಡಿಗೆಗೆ ಮೊದಲ ಸ್ಥಾನ. ಖರ್ಚು ಒಂದು ಜೊತೆ ಶೂ. ವೇಗ, ದೂರ, ಹೊತ್ತು ಮೂರನ್ನೂ ಬೇಕಾದಂತೆ ಕುಗ್ಗಿಸಬಹುದು. ಆದರೆ ನಡಿಗೆಗೂ ಒಂದು ಹುಳುಕಿದೆ, ಅದನ್ನು ಯಾರೂ ಹೇಳುವುದಿಲ್ಲ: ಹೋದಷ್ಟು ದೂರ ವಾಪಸ್ ಬರಬೇಕು. ಹೋಗುವಾಗ ತಂಗಾಳಿ, ಉತ್ಸಾಹ. ತಿರುಗುವ ಹೊತ್ತಿಗೆ ಕಾಲು ಕೈಕೊಡುತ್ತದೆ. ಹೀಗೆ ಅರ್ಧ ದಾರಿಯಲ್ಲಿ ಯಾರದೋ ಮನೆಯ ಜಗಲಿ ಮೇಲೆ ಕೂತು ಮಗನಿಗೆ ಫೋನ್ ಮಾಡಿ ಬೈಕ್ ತರಿಸಿಕೊಂಡವರನ್ನು ಹಲವರನ್ನು ನೋಡಿದ್ದೇನೆ. ಮೊದಲ ವಾರ ಮನೆಯ ಸುತ್ತ, ತಾರಸಿಯ ಮೇಲೆ, ಇಲ್ಲವೇ ಒಂದೇ ಬೀದಿಯಲ್ಲಿ ಗಾಣದೆತ್ತಿನ ಹಾಗೆ ಸುತ್ತಿ. ಬೇಸರದ ಕೆಲಸ ನಿಜ, ಆದರೆ ಸುಸ್ತಾದ ಕಡೆಯೇ ಮನೆ ಇರುತ್ತದೆ.

ವೇಗಕ್ಕೆ ವಾಚು ಬೇಡ, ಬಾಯಿ ಸಾಕು. ಮೊದಲ ವಾರ ವಚನವೊಂದನ್ನು ಗುನುಗಿಕೊಂಡು ನಡೆಯಲಾಗಬೇಕು. ಗುನುಗಲು ಉಸಿರು ಸಾಲದಾದರೆ ವೇಗ ಹೆಚ್ಚಾಯಿತು. ಪೂರ್ತಿ ಚೇತರಿಸಿಕೊಂಡ ಮೇಲೆ, ಮುಂದಿನ ಸೋಂಕಿಗೆ ಮೈ ಸಜ್ಜುಗೊಳಿಸುವ ದಿನಗಳಲ್ಲಿ, ಲೆಕ್ಕ ತುಸು ಮೇಲೇರುತ್ತದೆ: ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಐದು ನಿಮಿಷದಿಂದ ಶುರು ಮಾಡಿ, ಎರಡು ದಿನ ಅಷ್ಟರಲ್ಲೇ ಇದ್ದು, ಒಂದೆರಡು ನಿಮಿಷ ಏರಿಸುತ್ತಾ ಹೋದರೆ ತಿಂಗಳೊಳಗೆ ಅರ್ಧ ಗಂಟೆ ಮುಟ್ಟಬಹುದು.

ಯೋಗ, ಪ್ರಾಣಾಯಾಮ

"ಯೋಗ ಅಂದ ಮೇಲೆ ಸೌಮ್ಯ" ಎಂಬ ನಂಬಿಕೆಯೇ ಇಲ್ಲಿನ ತೊಡಕು. ಶವಾಸನವೂ ಯೋಗವೇ, ಒಂದೇ ಉಸಿರಿನಲ್ಲಿ ಹಾಕುವ ಇಪ್ಪತ್ತನಾಲ್ಕು ಸೂರ್ಯನಮಸ್ಕಾರವೂ ಯೋಗವೇ. ಎರಡರ ನಡುವಿನ ಅಂತರ ಮಂಚಕ್ಕೂ ಓಟಕ್ಕೂ ಇರುವಷ್ಟು. ಜ್ವರದಿಂದ ಎದ್ದವರಿಗೆ ಸೂರ್ಯನಮಸ್ಕಾರದಲ್ಲಿ ತಲೆ ಕೆಳಗೆ ಮಾಡಿ ಥಟ್ಟನೆ ಏಳುವಾಗ ತಲೆಸುತ್ತು ಬರುತ್ತದೆ. ಮಲಗಿದ್ದ ದಿನಗಳಲ್ಲಿ ರಕ್ತದೊತ್ತಡ ಸರಿತೂಗಿಸುವ ಅಭ್ಯಾಸ ಮೈಗೆ ತಪ್ಪಿರುತ್ತದೆ, ನೀರಿನಂಶವೂ ಕಡಿಮೆ ಇರುತ್ತದೆ. ಕಪಾಲಭಾತಿ, ಭಸ್ತ್ರಿಕಾ ಕೆಮ್ಮು ಪೂರ್ತಿ ನಿಂತ ಮೇಲೆ, ಉಸಿರು ಬಿಗಿಹಿಡಿಯುವ ಕುಂಭಕ ಇನ್ನೂ ತಡವಾಗಿ.

ಮೊದಲ ದಿನದಿಂದಲೇ ಮಾಡಬಹುದಾದದ್ದು ಹೊಟ್ಟೆ ಉಬ್ಬಿಸಿ ಇಳಿಸುವ ನಿಧಾನ ಉಸಿರಾಟ, ಭ್ರಾಮರಿ, ಕೂತಲ್ಲೇ ಭುಜ ತಿರುಗಿಸುವುದು, ತಾಡಾಸನ. ಫ್ಲೂ ಅಥವಾ ಕೋವಿಡ್ ನಂತರ ಉಸಿರು ಗಿಡ್ಡವಾದಂತೆ ಅನ್ನಿಸುವವರಿಗೆ, ರಾತ್ರಿ ನಿದ್ದೆ ಬಾರದವರಿಗೆ ನಾನು ನಡಿಗೆಗಿಂತ ಮೊದಲು ಇದನ್ನೇ ಹೇಳುವುದುಂಟು. ಮಳೆ ಬಿಡದ ಊರಿನಲ್ಲಿ ಚಾಪೆಯಷ್ಟು ಜಾಗದಲ್ಲಿ ಮುಗಿಯುವುದು ದೊಡ್ಡ ಅನುಕೂಲ. ಶಿಬಿರಕ್ಕೆ ಹೋಗುವವರು ಗಮನಿಸಬೇಕಾದ ಒಂದು ಮಾತು: ನಲವತ್ತು ಜನರ ಮುಂದೆ ಗುರುಗಳು ಎಣಿಸುತ್ತಿರುವಾಗ ನೀವೊಬ್ಬರೇ ನಿಲ್ಲಿಸಿ ಮಲಗುವುದು ಕಷ್ಟ. ಚೇತರಿಕೆಯ ಹೊತ್ತಿನಲ್ಲಿ ಮನೆಯ ಚಾಪೆ ಮೇಲು, ಆಮೇಲೆ ಶಿಬಿರ.

ಜಿಮ್, ಗರಡಿ, ಬಸ್ಕಿ

ಜಿಮ್ ಬಗ್ಗೆ ನನ್ನ ಓರಗೆಯವರಿಗೆ ಇರುವ ತಾತ್ಸಾರ ನನಗಿಲ್ಲ. ಜ್ವರ ಕದ್ದೊಯ್ಯುವುದು ದಮ್ಮಿಗಿಂತ ಮೊದಲು ತೊಡೆಯ ಸ್ನಾಯುವನ್ನು, ಅದನ್ನು ನಡಿಗೆಯೊಂದೇ ವಾಪಸ್ ತಂದುಕೊಡುವುದಿಲ್ಲ. ಅರವತ್ತು ದಾಟಿದವರು ಡೆಂಗಿಯ ನಂತರ ಬಚ್ಚಲುಮನೆಯಲ್ಲಿ ಜಾರುವುದಕ್ಕೆ ಕಾರಣ ನೆಲದ ಪಾಚಿಯಷ್ಟೇ ಆಗಿರುವುದಿಲ್ಲ. ತೂಕ ಎತ್ತುವುದರಲ್ಲಿ ಅಳತೆ ಇನ್ನೂ ನಿಖರ: ಎರಡು ಕಿಲೋ ಎಂದರೆ ಎರಡು ಕಿಲೋ, ಎಂಟು ಸಲ ಎಂದರೆ ಎಂಟು ಸಲ.

ತಕರಾರು ಇರುವುದು ಸ್ಥಳದ ಮೇಲೆ, ಮನಸ್ಸಿನ ಮೇಲೆ. ನಮ್ಮಂಥ ಊರಿನಲ್ಲೂ ತಿಂಗಳಿಗೆ ಸಾವಿರ, ಎರಡು ಸಾವಿರ ರೂಪಾಯಿ ಕಟ್ಟಿರುತ್ತಾರೆ. ಹಣ ಕಟ್ಟಿದವನಿಗೆ ರಜೆ ಹಾಕಲು ಕೈ ಬರುವುದಿಲ್ಲ, ಮೂಗು ಸೋರುತ್ತಲೇ ಬಂದು ಹಿಡಿಕೆಗಳನ್ನೆಲ್ಲ ಮುಟ್ಟಿ ಹೋಗುತ್ತಾನೆ. ಜ್ವರಕ್ಕೆ ಮುಂಚೆ ಎತ್ತುತ್ತಿದ್ದ ತೂಕ ಎಷ್ಟೆಂದು ಗೊತ್ತಿರುವುದೂ ಶಾಪವೇ. ಅಲ್ಲಿಂದಲೇ ಶುರು ಮಾಡಬೇಕೆನ್ನಿಸುತ್ತದೆ. ಹಳೆಯ ತೂಕದ ಅರ್ಧದಿಂದ, ಎರಡು ವಾರದವರೆಗೆ ಅಲ್ಲಿಯೇ ಇರಿ ಎಂದರೆ ಹುಡುಗರಿಗೆ ಅವಮಾನ.

ದುಡ್ಡಿಲ್ಲದೆ ಇದೇ ಕೆಲಸ ಮಾಡುವ ದಾರಿ ನನಗೆ ಅತಿ ಪ್ರಿಯ. ಗೋಡೆಗೆ ತಾಗಿಸಿದ ಗಟ್ಟಿ ಕುರ್ಚಿ ಒಂದು ಬೇಕು. ಅದರ ಅಂಚಿಗೆ ಬಂದು ಕೂತು, ಪಾದಗಳನ್ನು ಮಂಡಿಗಿಂತ ತುಸು ಹಿಂದಕ್ಕೆ ಎಳೆದು, ಕೈ ಎದೆಯ ಮೇಲೆ ಕಟ್ಟಿ ಎದ್ದು ನಿಲ್ಲಿ. ನಿಧಾನವಾಗಿ, ಧೊಪ್ಪನೆ ಬೀಳದೆ, ಮತ್ತೆ ಕೂರಿ. ಮೊದಲ ದಿನ ಐದು ಸಲ. ಕೈ ಊರದೆ ಏಳಲು ಆಗದಿದ್ದರೆ ಕುರ್ಚಿಯ ಮೇಲೆ ಮಡಚಿದ ಕಂಬಳಿ ಹಾಕಿ ಎತ್ತರ ಮಾಡಿಕೊಳ್ಳಿ. ವಾರ ಕಳೆದಂತೆ ಕಂಬಳಿಯ ಒಂದೊಂದೇ ಮಡಿಕೆ ಬಿಡಿಸುತ್ತಾ ಬನ್ನಿ. ಇದೇ ಮುಂದೆ ಬಸ್ಕಿಯಾಗುತ್ತದೆ. ತೋಳಿಗೆ ನೀರು ತುಂಬಿದ ಒಂದು ಲೀಟರ್ ಬಾಟಲಿ, ಅದು ಒಂದು ಕಿಲೋ. ಅರ್ಧ ಚೆಲ್ಲಿದರೆ ಅರ್ಧ ಕಿಲೋ.

ಶಟಲ್, ಕ್ರಿಕೆಟ್, ಓಟ

ಇಲ್ಲಿ ನನ್ನದೇ ಮೂರ್ಖತನ ಹೇಳಿಕೊಳ್ಳಬೇಕು. ನಾಲ್ಕು ವರ್ಷದ ಹಿಂದೆ ನನಗೆ ಜೋರು ಫ್ಲೂ ಬಂತು. ಜ್ವರ ಬಿಟ್ಟ ಮೂರನೆಯ ಸಂಜೆ ಡಬಲ್ಸ್‌ಗೆ ನಾಲ್ಕನೆಯವನಿಲ್ಲ ಎಂದು ಗೆಳೆಯರು ಕರೆದರು. "ಸುಮ್ಮನೆ ಹಿಂದೆ ನಿಂತಿರುತ್ತೇನೆ" ಎಂದುಕೊಂಡು ಹೋದೆ. ಶಟಲ್ ಗಾಳಿಯಲ್ಲಿರುವಾಗ ಹಿಂದೆ ನಿಲ್ಲುವವರು ಯಾರು? ಎರಡು ಗೇಮ್ ಆಡಿ, ಗೆದ್ದು, ಬೋಂಡ ತಿಂದು ಮನೆಗೆ ಬಂದೆ. ಏನೂ ಆಗಲಿಲ್ಲ. ಮರುದಿನವೂ ಪರವಾಗಿರಲಿಲ್ಲ. ಅದರ ಮರುದಿನ ಬೆಳಿಗ್ಗೆ ಹಲ್ಲುಜ್ಜುವಾಗ ಬ್ರಷ್ ಹಿಡಿದ ಕೈ ಎತ್ತಿ ನಿಲ್ಲಿಸಲು ಆಗದೆ ಬೇಸಿನ್ ಮೇಲೆ ಮೊಣಕೈ ಊರಿದೆ. ಹತ್ತು ದಿನ ಹಿಂದಕ್ಕೆ ಹೋದೆ. ರೋಗಿಗಳಿಗೆ ಬುದ್ಧಿ ಹೇಳುವ ವೃತ್ತಿಯವನು ನಾನು.

ಆಟದ ಅಳತೆ ಎದುರಾಳಿಯ ಕೈಯಲ್ಲಿರುತ್ತದೆ, ಅದರ ದೋಷ ಅದೊಂದೇ. ಮಿಕ್ಕಂತೆ, ತಡೆಗಟ್ಟುವ ವಿಷಯಕ್ಕೆ ಬಂದರೆ ಆಟದಷ್ಟು ಒಳ್ಳೆಯದಿಲ್ಲ, ಏಕೆಂದರೆ ವಾಕಿಂಗ್ ತಪ್ಪಿಸುವವರೂ ಶಟಲ್ ತಪ್ಪಿಸುವುದಿಲ್ಲ. ದೂರದ ಓಟದ ಬಗ್ಗೆ ಒಂದು ಹಳೆಯ ಗುಮಾನಿ ಇದೆ. 1987ರ ಲಾಸ್ ಏಂಜಲೀಸ್ ಮ್ಯಾರಥಾನ್ ಓಡಿದವರಲ್ಲಿ ಶೇ 12.9 ಮಂದಿಗೆ ಮುಂದಿನ ವಾರದಲ್ಲಿ ಶೀತ, ಗಂಟಲು ನೋವು ಬಂದರೆ, ತರಬೇತಿ ಪಡೆದೂ ಓಡದೆ ಉಳಿದವರಲ್ಲಿ ಶೇ 2.2 ಮಂದಿಗೆ ಮಾತ್ರ. ಅತಿಶ್ರಮ ರೋಗ ನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ ಎಂಬ ಮಾತು ಇಲ್ಲಿಂದಲೇ ಬಲವಾದದ್ದು. 2018ರಲ್ಲಿ ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪ್ರಶ್ನಿಸಿದರು. ಓಟದ ನಂತರ ರಕ್ತದಲ್ಲಿ ಬಿಳಿರಕ್ತಕಣಗಳು ಕಡಿಮೆ ಕಾಣುವುದು ಅವು ಸತ್ತದ್ದರಿಂದಲ್ಲ, ಶ್ವಾಸಕೋಶ ಮೊದಲಾದ ಕಡೆ ಕಾವಲಿಗೆ ಚದುರಿಹೋದದ್ದರಿಂದ, ಸಾವಿರಾರು ಜನರ ನಡುವೆ ನಿಂತದ್ದು, ಪ್ರಯಾಣ, ನಿದ್ದೆಗೇಡು ಇವೂ ಶೀತ ತರಬಲ್ಲವು ಎಂಬುದು ಅವರ ವಾದ. ಜಗಳ ಮುಗಿದಿಲ್ಲ. ಸಾಮಾನ್ಯ ಓಟಗಾರನಿಗೆ ನನ್ನ ಸಲಹೆ ಸರಳ: ರೇಸಿನ ಹಿಂದಿನ ವಾರ ಜ್ವರ ಬಂದಿದ್ದರೆ ಶುಲ್ಕ ಹೋದರೆ ಹೋಗಲಿ, ಟೀ ಶರ್ಟ್ ಮಾತ್ರ ತಂದುಕೊಳ್ಳಿ.

ಮನೆಗೆಲಸ, ಹೊಲದ ಕೆಲಸ

ವ್ಯಾಯಾಮದ ಲೆಕ್ಕಕ್ಕೆ ಯಾರೂ ಸೇರಿಸದ ವ್ಯಾಯಾಮ ಇದು. ಬಟ್ಟೆ ಹಿಂಡುವುದು, ನೆಲ ಒರೆಸುವುದು, ಹುಲ್ಲು ಹೊರೆ ಹೊರುವುದು ಸಾಧಾರಣ ಶ್ರಮದ ಗಡಿಯನ್ನು ಸುಲಭವಾಗಿ ದಾಟುತ್ತವೆ. ದಿನವಿಡೀ ನಾಟಿ ಹಚ್ಚುವ ಹೆಂಗಸಿಗೆ "ವಾಕಿಂಗ್ ಮಾಡಿ" ಎನ್ನುವುದು ಗೇಲಿ. ಅವಳಿಗೆ ಬೇಕಾದದ್ದು ವ್ಯಾಯಾಮವಲ್ಲ, ಕೆಲಸವನ್ನು ತುಂಡು ಮಾಡುವ ಅವಕಾಶ. ಜ್ವರ ಬಿಟ್ಟ ಮರುದಿನವೇ ರಾಶಿ ಪಾತ್ರೆಯ ಮುಂದೆ ಕೂರುವವರ ಮನೆಯವರನ್ನು ನಾನು ಒಳಗೆ ಕರೆಸುತ್ತೇನೆ. ಪಾತ್ರೆ ಇವತ್ತು ಮಗ ತೊಳೆಯಲಿ, ಇವರು ಕೂತು ಸೊಪ್ಪು ಬಿಡಿಸಲಿ. ಅರ್ಧ ಗಂಟೆ ಕೆಲಸ, ಅರ್ಧ ಗಂಟೆ ಮಲಗುವುದು. ಕೂಲಿಗೆ ಹೋಗುವವರಿಗೆ ಈ ಮಾತು ಹೇಳುವಾಗ ನನ್ನ ದನಿ ತಗ್ಗುತ್ತದೆ. ಅವರಿಗೆ ಆಯ್ಕೆಯ ಮಾರ್ಗದರ್ಶಿ ಬರೆಯುವುದು ಕಷ್ಟ. ಮೊದಲ ವಾರ ಹೊರುವ ಕೆಲಸ ಬಿಟ್ಟು ಕೂತು ಮಾಡುವ ಕೆಲಸ ಕೇಳಿಕೊಳ್ಳಿ ಎನ್ನುವುದಕ್ಕಿಂತ ಹೆಚ್ಚು ನನ್ನ ಬಳಿ ಇಲ್ಲ.

ಯಾವ ಜ್ವರ ಬಂದಿತ್ತು?

ಡೆಂಗಿಯಲ್ಲಿ ಮೋಸವಾಗುವುದು ಜ್ವರ ಇಳಿದ ದಿನ. ಮೂರರಿಂದ ಏಳನೆಯ ದಿನದ ನಡುವೆ ಜ್ವರ ಇಳಿಯುವ ಹೊತ್ತಿಗೇ ರಕ್ತನಾಳಗಳು ಸೋರುವ ಅಪಾಯದ ಘಟ್ಟ ಶುರುವಾಗುತ್ತದೆ. ಆಗ ವ್ಯಾಯಾಮದ ಮಾತೇ ಬೇಡ. ಪ್ಲೇಟ್‌ಲೆಟ್ ಎಣಿಕೆ ಸಹಜಕ್ಕೆ, ಅಂದರೆ ಒಂದೂವರೆ ಲಕ್ಷದ ಮೇಲೆ, ಬಂದಿದೆಯೆಂದು ವೈದ್ಯರು ಹೇಳುವವರೆಗೆ ಬೀಳುವ, ಏಟು ತಗಲುವ ಆಟಗಳು ದೂರ. ಆಮೇಲೆ ಅಂಗಳದ ನಡಿಗೆ, ಮುಂದಿನ ವಾರ ಕುರ್ಚಿಯ ವ್ಯಾಯಾಮ. ಸುಸ್ತು ಕೆಲವು ವಾರ ಉಳಿಯುವುದು ಸಾಮಾನ್ಯ.

ಚಿಕೂನ್‌ಗುನ್ಯಾ ನಮ್ಮವರಿಗೆ ಹೊಸದಲ್ಲ. 2006ರಲ್ಲಿ ದೇಶದ ಶಂಕಿತ ಪ್ರಕರಣಗಳಲ್ಲಿ ಅರ್ಧದಷ್ಟು ಕರ್ನಾಟಕದವೇ ಆಗಿದ್ದವು. ಆಫ್ರಿಕಾದ ಮಕೊಂಡೆ ಭಾಷೆಯಲ್ಲಿ ಆ ಹೆಸರು ಹೇಳುವುದೇ ಬಾಗಿಹೋಗುವುದನ್ನು. ಇಲ್ಲಿ ಕೀಲು ಮುಖ್ಯ. ಬೆಳಗಿನ ಬಿಗಿತ ಇರುವಷ್ಟು ದಿನ ಓಟ, ಜಿಗಿತ, ಆಳದ ಬಸ್ಕಿ ಬೇಡ. ಉಗುರುಬೆಚ್ಚಗಿನ ನೀರಿನಲ್ಲಿ ಕೈ ಅದ್ದಿ ಬೆರಳು ಮಡಚಿ ಬಿಡಿಸುವುದು, ಕೂತು ಹಿಮ್ಮಡಿ ಎತ್ತಿ ಇಳಿಸುವುದು, ಆಮೇಲೆ ಸಮತಟ್ಟಾದ ನೆಲದಲ್ಲಿ ನಡಿಗೆ. ಕೀಲು ಊದಿ ಬಿಸಿಯಾದ ದಿನ ವಿರಾಮ. ಸೈಕಲ್ ಮತ್ತು ಈಜು ಇವರಿಗೆ ನಡಿಗೆಗಿಂತ ಹಿತ, ಸಿಗುವ ಊರಿನಲ್ಲಿ.

ಫ್ಲೂ, ಕೋವಿಡ್ ಆದವರು ಲಕ್ಷಣಗಳೆಲ್ಲ ಹೋದ ಮೇಲೆ ಇನ್ನೂ ಒಂದು ವಾರ ಕಾದು ಬಿರುಸಿನ ವ್ಯಾಯಾಮಕ್ಕೆ ಕೈ ಹಾಕಿದರೆ ಒಳ್ಳೆಯದು. ಅಲ್ಲಿಯವರೆಗೆ ಉಸಿರಾಟ, ನಿಧಾನ ನಡಿಗೆ. ಮಂಗನ ಕಾಯಿಲೆಯಲ್ಲಿ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಕೆಲವರಿಗೆ ಮತ್ತೆ ಮರುಕಳಿಸುತ್ತದೆ, ಆದ್ದರಿಂದ ತೋಟಕ್ಕೆ ಇಳಿಯಲು ಆತುರ ಬೇಡ. ಕಾಲೇಜಿನ ಕಬಡ್ಡಿ ಹುಡುಗರಿಗೆ ಒಂದು ಎಚ್ಚರಿಕೆ: ಕತ್ತಿನ ಗ್ರಂಥಿಗಳು ಊದಿಕೊಳ್ಳುವ ಎಪ್‌ಸ್ಟೀನ್-ಬಾರ್ ವೈರಸ್ಸಿನ ಜ್ವರದಲ್ಲಿ ಹೊಟ್ಟೆಯ ಎಡಭಾಗದ ಗುಲ್ಮ ದೊಡ್ಡದಾಗಿರುತ್ತದೆ, ಏಟು ಬಿದ್ದರೆ ಒಡೆಯಬಹುದು. ಕನಿಷ್ಠ ಮೂರು ವಾರ, ವೈದ್ಯರು ಹೊಟ್ಟೆ ನೋಡಿ ಒಪ್ಪುವವರೆಗೆ ಅಂಕಣಕ್ಕೆ ಇಳಿಯಬೇಡಿ.

ಮಾಡಿದಷ್ಟೂ ಹಿಂದೆ ಹೋಗುವವರು

ಒಂದು ಗುಂಪಿಗೆ ಮೇಲಿನ ಯಾವ ಏಣಿಯೂ ಹೊಂದುವುದಿಲ್ಲ. ಚೂರು ಶ್ರಮ ಮಾಡಿದರೂ ಒಂದೆರಡು ದಿನ ಬಿಟ್ಟು ಮೈ ಕುಸಿಯುತ್ತದೆ, ತಲೆ ಮಂಜಾಗುತ್ತದೆ, ನಿದ್ದೆ ಮಾಡಿದರೂ ಹೋಗುವುದಿಲ್ಲ, ಹೀಗೇ ತಿಂಗಳುಗಳು. ದೀರ್ಘ ಕೋವಿಡ್‌ನಲ್ಲಿ ಇಂಥವರನ್ನು ಬಹಳ ಕಂಡೆವು. "ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ" ಎಂಬ ಸಲಹೆ ಇವರಿಗೆ ಕೆಡುಕು. ವೈರಸ್ ಸೋಂಕಿನ ನಂತರ ಹಲವರಿಗೆ ಅಂಟಿಕೊಳ್ಳುವ ದೀರ್ಘಕಾಲದ ಬಳಲಿಕೆಯ ಕಾಯಿಲೆಗೆ ಹಾಗೆ ಏರಿಸುತ್ತಾ ಹೋಗುವ ವ್ಯಾಯಾಮವನ್ನು ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2021ರಲ್ಲಿ ತನ್ನ ಮಾರ್ಗಸೂಚಿಯಿಂದ ಕೈಬಿಟ್ಟಿತು. ಇವರು ಇರುವ ಶಕ್ತಿಯನ್ನು ತಿಂಗಳ ಸಂಬಳದಂತೆ ಹಂಚಿಕೊಂಡು ಬಳಸಬೇಕು. ಮನೆಯವರು ಇದನ್ನು ಸೋಮಾರಿತನ ಎನ್ನದಿದ್ದರೆ ಅರ್ಧ ಉಪಕಾರ.

ಉಳಿದವರಿಗೂ ನಾನು ಕೊಡುವ ಒಂದೇ ಕಟ್ಟಳೆ ಇದರಿಂದಲೇ ಹುಟ್ಟಿದ್ದು: ಇವತ್ತಿನ ವ್ಯಾಯಾಮಕ್ಕೆ ಅಂಕ ಕೊಡುವುದು ಇವತ್ತಲ್ಲ, ನಾಡಿದ್ದು ಬೆಳಿಗ್ಗೆ. ಏಳುವಾಗ ಎಂದಿನಂತೆ ಇದ್ದರೆ ಒಂದು ಮೆಟ್ಟಿಲು ಮೇಲೆ. ಭಾರವಾಗಿದ್ದರೆ ಅರ್ಧಕ್ಕೆ ಇಳಿಸಿ. ಕ್ಯಾಲೆಂಡರಿನ ಚೌಕದಲ್ಲಿ ಪೆನ್ಸಿಲಿನಿಂದ ನಿಮಿಷ ಬರೆದಿಡಿ.

ಜೇಬು, ಹೊತ್ತು, ವಯಸ್ಸು

ಖರ್ಚಿಲ್ಲದೆ ಆಗಬೇಕೆಂದರೆ ನಡಿಗೆ ಮತ್ತು ಕುರ್ಚಿ. ಇವೆರಡರಲ್ಲಿ ಮುಕ್ಕಾಲು ಪಾಲು ಕೆಲಸ ಆಗುತ್ತದೆ. ಐನೂರು ರೂಪಾಯಿಯೊಳಗೆ ಖರ್ಚು ಮಾಡಲು ಮನಸ್ಸಿದ್ದರೆ ಚಾಪೆಗಿಂತ ಮೊದಲು ಎಳೆಯುವ ರಬ್ಬರ್ ಪಟ್ಟಿ ಕೊಳ್ಳಿ. ಅರವತ್ತು ದಾಟಿದವರು ಇನ್ನಾವುದನ್ನು ಬಿಟ್ಟರೂ ಕುರ್ಚಿ ಬಿಡಬಾರದು, ಜೊತೆಗೆ ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವ ಅಭ್ಯಾಸ ಸೇರಿಸಿಕೊಳ್ಳಲಿ. ಕಂಪ್ಯೂಟರ್ ಮುಂದೆ ದಿನ ಕಳೆಯುವ ಮೂವತ್ತರವರಿಗೆ, ಈಗ ಜ್ವರವಿಲ್ಲದೆ ಮುಂದಿನ ಮಳೆಗಾಲಕ್ಕೆ ಸಿದ್ಧವಾಗುವವರಿಗೆ, ವಾರಕ್ಕೆ ಎರಡು ದಿನ ಜಿಮ್, ಮೂರು ದಿನ ಇಷ್ಟದ ಆಟ. ಜಿಮ್ ಶುಲ್ಕ ವರ್ಷಕ್ಕೆ ಒಟ್ಟಿಗೆ ಕಟ್ಟಬೇಡಿ, ಕಾಯಿಲೆ ಬಿದ್ದ ತಿಂಗಳು ಹಣದ ಮುಖ ನೋಡಿ ಹೋಗುವಂತಾಗುತ್ತದೆ. ಇವರು ಫ್ಲೂ ಲಸಿಕೆ ಹಾಕಿಸಿಕೊಂಡ ದಿನ ಹಗುರವಾಗಿ ಒಂದೂವರೆ ಗಂಟೆ ನಡೆದರೆ ಪ್ರತಿಕಾಯ ಹೆಚ್ಚು ಹುಟ್ಟೀತು ಎಂದು ಅಯೋವಾದ ಸಣ್ಣ ಅಧ್ಯಯನವೊಂದು 2022ರಲ್ಲಿ ಹೇಳಿತ್ತು. ಮುಕ್ಕಾಲು ಗಂಟೆಗೆ ಆ ಫಲ ಸಿಕ್ಕಿರಲಿಲ್ಲ. ನಡೆಯುವ ಅಭ್ಯಾಸ ಇರುವವರು ಬೇಕಾದರೆ ಮಾಡಿ ನೋಡಬಹುದು, ಲಸಿಕೆ ಮಾತ್ರ ತಪ್ಪಿಸಬೇಡಿ.

ಮೂರು ಕಾಗದ ತಂದಿದ್ದ ಆ ಅಮ್ಮನಿಗೆ ನಾನು ಮೂರಕ್ಕೂ ಬೆರಳಿಡಲಿಲ್ಲ. ಬೆಚ್ಚಗಿನ ನೀರಿನ ಬೇಸಿನ್, ಎತ್ತರದ ಕುರ್ಚಿ, ಅಂಗಳದಲ್ಲಿ ಎಂಟು ಸುತ್ತು ಎಂದು ಯೋಗ ಶಿಬಿರದ ಕರಪತ್ರದ ಹಿಂದೆಯೇ ಬರೆದುಕೊಟ್ಟೆ. ಅಡಿಕೆ ಸುಲಿಯುವ ಕಾಲಕ್ಕೆ ಒಂದು ದಿನ ಮತ್ತೆ ಬಂದರು. ಕರಪತ್ರದ ಅಂಚಿನಲ್ಲೆಲ್ಲ ಪೆನ್ಸಿಲಿನ ಅಂಕಿಗಳು. ಅಂಗಳದ ಸುತ್ತು ಎಂಟರಿಂದ ಐವತ್ತಕ್ಕೆ ಏರಿತ್ತು, ನಡುವೆ ಎರಡು ಕಡೆ ಹನ್ನೆರಡಕ್ಕೆ ಇಳಿದಿತ್ತು. "ಅವೆರಡು ದಿನ ಮೊಮ್ಮಗಳ ನಾಮಕರಣ, ಓಡಾಟ ಜಾಸ್ತಿ ಆಗಿತ್ತು" ಎಂದರು. ಬಲಗೈ ಮುಷ್ಟಿ ಪೂರ್ತಿ ಕಟ್ಟುತ್ತಿತ್ತು. ಎಡಗೈಯ ಕಿರುಬೆರಳು ಇನ್ನೂ ಅರ್ಧದಲ್ಲೇ ನಿಲ್ಲುತ್ತಿತ್ತು.